ತಿಳಿನೀರಿನ ಅಪರಾಧ

ಬಣ್ಣದಕ್ಕನ ಕೈ ನೋಡಿದರೆ ಸಾಕು, ಅವತ್ತು ಅವಳ ಅಂಗಡಿಯಲ್ಲಿ ಏನು ಕುದಿಯುತ್ತಿದೆ ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮೊಣಕೈವರೆಗೆ ನೀಲಿ ಇದ್ದರೆ ಕಾರ್ಖಾನೆಯವರ ಸಮವಸ್ತ್ರ, ಕಡುಗೆಂಪಿದ್ದರೆ ಯಾರದೋ ಮನೆಯ ಪರದೆ, ಕಪ್ಪಿದ್ದರೆ ಮಾಸಿದ ಕೋಟುಗಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಕೈ ಎಲ್ಲರ ಕೈಯಂತೆಯೇ ಇತ್ತು. ಅತ್ತೆ ಒಂದು ಉದ್ದನೆಯ ಕೋಲು ಕೊಟ್ಟು, "ತಿರುವುತ್ತಾ ಇರು, ಬಟ್ಟೆ ಒಂದೇ ಕಡೆ ಕೂತ್ರೆ ಮಚ್ಚೆ ಬೀಳುತ್ತೆ" ಎಂದರು. ಅತ್ತೆ ಹೋದರು, ಕೋಲು ಎರಡು ಸಲ ಬದಲಾಯಿತು, ತಿರುವುವುದು ಮಾತ್ರ ನಿಲ್ಲಲಿಲ್ಲ.

"ನನ್ನ ಹೆಂಡತಿಯ ಕೈಗುಣ ಹೇಗಿದೆಯೋ ನಾನು ಹೇಳಲಾರೆ, ಕೈಬಣ್ಣ ಮಾತ್ರ ದಿನಕ್ಕೊಂದು" ಎಂದು ಗಂಡ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಹಿಂದೆ ಒಲೆಯ ಕೆಲಸವೆಲ್ಲ ಅವನದೇ. ಹಬೆ ಕುಡಿದು ಕುಡಿದು ಎದೆ ಕಟ್ಟಿಕೊಂಡ ಮೇಲೆ ವೈದ್ಯರು ಅವನನ್ನು ಹಂಡೆಗಳಿಂದ ದೂರ ಇಟ್ಟರು. ಈಗ ಮುಂದಿನ ಕೋಣೆಯಲ್ಲಿ ಕೂತು ಬಟ್ಟೆಗಳಿಗೆ ಚೀಟಿ ಹೊಲಿಯುತ್ತಾನೆ, ನಡುನಡುವೆ ಕೆಮ್ಮುತ್ತಾನೆ, ಕೆಮ್ಮು ಬಿಡುವು ಕೊಟ್ಟಾಗ ತಮಾಷೆ ಮಾಡುತ್ತಾನೆ. ನಡುವಿನ ಕೋಣೆಯ ಮೂರು ಹಂಡೆಗಳನ್ನು ನೋಡಿಕೊಳ್ಳುವುದು ಬಣ್ಣದಕ್ಕ ಮತ್ತು ಅವಳ ಮೈದುನ. ಹೆಂಡತಿ, ಮಗು ಇರುವ ಗಟ್ಟಿ ಆಳು ಅವನು. ಪಕ್ಕದ ಬೀದಿಯಲ್ಲಿ ಮನೆ. ಹಂಡೆಗಳ ಹಿಂದೆ ಒಂದು ಮಲಗುವ ಕೋಣೆ, ಮೇಲೆ ಅಡುಗೆಮನೆ, ಅದಕ್ಕೂ ಮೇಲೆ ಬಟ್ಟೆ ಒಣಗಿಸುವ ತಾರಸಿ. ಒಂದೇ ಚಾವಣಿಯ ಕೆಳಗೆ ಸಂಸಾರವೂ ಸಂಬಳವೂ.

ಬಣ್ಣ ಹಾಕುವುದು ಅರ್ಧ ಕೆಲಸವಾದರೆ ಜಾಲಿಸುವುದು ಉಳಿದರ್ಧ. ಹಂಡೆಯಿಂದ ತೆಗೆದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಎತ್ತಬೇಕು, ಆ ನೀರು ಚೆಲ್ಲಿ ಮತ್ತೆ ಅದ್ದಬೇಕು, ನೀರು ತಿಳಿಯಾಗುವ ತನಕ ಬಿಡಬಾರದು. ಅರೆಬರೆ ಜಾಲಿಸಿದ ಬಟ್ಟೆ ಗಿರಾಕಿಯ ಮೈಗೆಲ್ಲ ಬಣ್ಣ ಬಳಿದು ಅಂಗಡಿಯ ಬಣ್ಣ ಬಯಲು ಮಾಡುತ್ತದೆ. ಬಣ್ಣದಕ್ಕನ ಮಟ್ಟಿಗೆ ಜಗತ್ತಿನ ಯಾವುದೇ ಕಲೆಗೂ ಮದ್ದು ಒಂದೇ: ಇನ್ನೊಂದು ನೀರು.

ಹೀಗಿರುವಾಗ ಪರಿಸರ ಕಚೇರಿಯ ನಿಯಮ ಬಂತು. ಕೊಳೆನೀರು ಹೊರಗೆ ಬಿಡುವ ಪ್ರತಿಯೊಂದು ಅಂಗಡಿಯೂ ತಾನು ಮಾಡುವ ಚಟುವಟಿಕೆ ಏನೆಂದು ಹೇಳಿಕೊಳ್ಳಬೇಕು. ದಿನಕ್ಕೆ ಬಿಡುವ ನೀರು ಇಂತಿಷ್ಟರ ಒಳಗಿದ್ದರೆ ಬರೀ ನೋಂದಣಿ. ಅದನ್ನು ಮೀರಿದರೆ ಪರವಾನಗಿ. ಪರವಾನಗಿ ಎಂದರೆ ಶುದ್ಧೀಕರಣ ಘಟಕ, ಎಂಜಿನಿಯರ್ ಸಹಿ ಹಾಕಿದ ನಕ್ಷೆ, ಅಕ್ಕಪಕ್ಕದವರ ಆಕ್ಷೇಪಣೆ ಕೇಳುವ ಪ್ರಕಟಣೆ. ಎಲ್ಲಕ್ಕಿಂತ ದೊಡ್ಡದಾಗಿ, ಜನ ವಾಸ ಮಾಡುವ ಕಟ್ಟಡಕ್ಕೆ ಅದನ್ನು ಕೊಡುವುದೇ ಇಲ್ಲ.

"ನೋಂದಣಿ ಅಂದ್ರೆ ಮಗೂಗೆ ಹೆಸರಿಡೋದು, ಪರವಾನಗಿ ಅಂದ್ರೆ ಮದುವೆ ಮಾಡೋದು" ಎಂದು ಗಂಡ ವಿವರಿಸಿದ. "ಮೊದಲನೇದಕ್ಕೆ ಬಾಯಿ ಸಾಕು, ಎರಡನೇದಕ್ಕೆ ಮನೆ ಮಾರ್ಬೇಕು."

ಅವರ ನೀರು ಮಿತಿಯ ಒಳಗೇ ಇತ್ತು. ಹೆಸರಿಡುವ ಶಾಸ್ತ್ರ ಸಲೀಸಾಗಿ ಮುಗಿಯಿತು. ಹಿತ್ತಿಲ ಗೋಡೆಯ ಹತ್ತಿರ, ಕೊಳೆನೀರು ಹೊರಗೆ ಹೋಗುವ ಕೊಳವೆಗೆ ಕಚೇರಿಯವರು ಒಂದು ಮೀಟರು ಕೂರಿಸಿ, ಅದರ ಮೇಲೆ ಪೆಟ್ಟಿಗೆ ಮುಚ್ಚಿ ಬೀಗ ಹಾಕಿಕೊಂಡು ಹೋದರು. ನೋಂದಣಿ ಪತ್ರ ಗಾಜು ಹಾಕಿಸಿಕೊಂಡು ಗೋಡೆ ಏರಿತು.

ಮೊದಲ ತಪಾಸಣೆಗೆ ಬಂದವಳು ಚಿಕ್ಕ ವಯಸ್ಸಿನ ಅಧಿಕಾರಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಾಟಲಿಗಳನ್ನಿಟ್ಟುಕೊಂಡು, ಯಾರಿಗೋ ಲಸಿಕೆ ಹಾಕಲು ಬಂದವಳಂತೆ ಮೆಲ್ಲಗೆ ಮಾತಾಡುತ್ತಿದ್ದಳು. ಕೊಳವೆಯ ಬಾಯಿಗೆ ಬಾಟಲಿ ಹಿಡಿದಳು, ಮುಚ್ಚಿದಳು, ಹೊರಟಳು. ಕೆಲವು ವಾರಗಳ ಮೇಲೆ ಎಚ್ಚರಿಕೆ ಬಂತು: ಹೊರಬಿಡುವ ನೀರಿನಲ್ಲಿ ಬಣ್ಣ ಮಿತಿಗಿಂತ ಹೆಚ್ಚಿದೆ, ಮುಂದಿನ ತಪಾಸಣೆಯೊಳಗೆ ಸರಿಪಡಿಸದಿದ್ದರೆ ನೋಂದಣಿ ರದ್ದು. ನೋಂದಣಿ ಇಲ್ಲದೆ ಹಂಡೆ ಕೆಳಗೆ ಒಲೆ ಹಚ್ಚುವಂತಿಲ್ಲ.

ಬಣ್ಣದಕ್ಕನಿಗೆ ಅನ್ನ ಸೇರದಾಯಿತು. ಆಮೇಲೆ, ಅವಳ ಲೆಕ್ಕದಲ್ಲಿ ಅತ್ಯಂತ ಸಹಜವಾದ ಉಪಾಯ ಹೊಳೆಯಿತು. ಬಟ್ಟೆ ಬಣ್ಣ ಬಿಟ್ಟರೆ ಏನು ಮಾಡುತ್ತೇವೆ? ಇನ್ನೊಂದು ನೀರು. ಚರಂಡಿ ಬಣ್ಣ ಬಿಟ್ಟರೂ ಅಷ್ಟೇ ತಾನೆ! ಒಳಗಿನ ಕಾಲುವೆಗೆ ನಲ್ಲಿಯಿಂದ ಒಂದು ರಬ್ಬರ್ ಪೈಪು ಎಳೆದು ಬಿಟ್ಟಳು. ಬೆಳಿಗ್ಗೆ ಒಲೆ ಹಚ್ಚಿದಾಗ ತಿರುಗಿಸಿದ ನಲ್ಲಿಯನ್ನು ಸಂಜೆ ಹಂಡೆ ಮಗುಚಿದ ಮೇಲೆಯೇ ನಿಲ್ಲಿಸುವುದು. ಕಪ್ಪು ಕಂದಾಯಿತು, ಕಂದು ಹೊಗೆಯ ಬಣ್ಣಕ್ಕೆ ತಿರುಗಿತು, ಕೊನೆಗೆ ಕಾಲುವೆಯ ತಳದ ಕಲ್ಲು ಕಾಣುವಷ್ಟು ತಿಳಿಯಾಯಿತು. ಮೈದುನನನ್ನು ಕರೆದು ತೋರಿಸಿದಳು.

"ಅತ್ತಿಗೆ, ಇದರಲ್ಲಿ ಮೀನು ಸಾಕ್ಬಹುದು" ಎಂದ ಅವನು.

ಎರಡನೇ ಸಲ ಬಂದ ಅಧಿಕಾರಿ ಬಾಟಲಿ ತುಂಬಿ ಬೆಳಕಿಗೆ ಹಿಡಿದಳು. ಅವಳ ಮುಖವೂ ತಿಳಿಯಾಯಿತು. "ಅಮ್ಮ, ಎಷ್ಟು ಚೆನ್ನಾಗಿ ಮಾಡಿದೀರಿ! ಏನು, ಶೋಧಕ ಏನಾದ್ರೂ ಹಾಕಿಸಿದ್ರಾ?"

"ಇಲ್ಲಮ್ಮ, ನೀರಿಗೆ ನೀರೇ ಮದ್ದು" ಎಂದು ಬಣ್ಣದಕ್ಕ ಹಿಗ್ಗಿನಿಂದ ಹೇಳಿ ರಬ್ಬರ್ ಪೈಪಿನ ಕಡೆ ಕೈ ತೋರಿಸಿದಳು.

ಅಧಿಕಾರಿ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟಳು. ಹಿತ್ತಿಲಿಗೆ ಹೋಗಿ ಪೆಟ್ಟಿಗೆಯ ಬೀಗ ತೆಗೆದಳು. ಮೀಟರು ಮೀರಿತ್ತು. ಸ್ವಲ್ಪ ಸ್ವಲ್ಪವಲ್ಲ, ಮಿತಿಯನ್ನು ಎಲ್ಲೋ ಹಿಂದೆ ಬಿಟ್ಟು ಓಡಿತ್ತು.

"ಅಮ್ಮ, ಇದು... ಕೂತ್ಕೊಳ್ಳಿ. ಇಷ್ಟು ನೀರು ಬಿಡೋವ್ರಿಗೆ ನೋಂದಣಿ ಸಾಲದು, ಪರವಾನಗಿ ಬೇಕು. ಇದೆಲ್ಲ ಬರೀ ನಲ್ಲಿ ನೀರು ಅಂತೀರಾ? ಹಾಗಂದ್ರೆ ಕೊಳೆನೀರಿಗೆ ಒಳ್ಳೆ ನೀರು ಬೆರೆಸಿ ಬಿಟ್ಟ ಹಾಗಾಯ್ತು. ಅದು ಅಪರಾಧ. ಬಣ್ಣ ಎಲ್ಲೂ ಹೋಗಿಲ್ಲ ನೋಡಿ, ತೆಳ್ಳಗಾಗಿದೆ ಅಷ್ಟೇ. ಅಷ್ಟಕ್ಕೆ ಅಷ್ಟೂ ಚರಂಡಿಗೇ ಹೋಗಿದೆ."

"ನೀರೇನೋ ತಿಳಿಯಾಗಿದೆ, ನನಗೆ ಮಾತ್ರ ಏನೂ ತಿಳೀತಿಲ್ಲ" ಎಂದಳು ಬಣ್ಣದಕ್ಕ. ತಮಾಷೆಗೆ ಹೇಳಿದ್ದಲ್ಲ. ಆದರೂ ಗಂಡ ಒಳಗಿನಿಂದ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ.

ಕೆಲವೇ ದಿನಗಳಲ್ಲಿ ವಿಚಾರಣೆಗೆ ಬರಬೇಕೆಂದು ಕರೆ ಬಂತು. ಮೂವರೂ ಮುಂದಿನ ಕೋಣೆಯಲ್ಲಿ ಕೂತು ತಲೆ ಚಚ್ಚಿಕೊಂಡರು. ಅಷ್ಟೂ ಬಣ್ಣದ ನೀರೇ ಎಂದರೆ ಪರವಾನಗಿ ಬೇಕು, ಅದು ಈ ಮನೆಗೆ ಸಿಗುವುದಿಲ್ಲ, ಅಂಗಡಿ ಮುಚ್ಚಿತು. ಬೇಕೆಂದೇ ಒಳ್ಳೆ ನೀರು ಬೆರೆಸಿದೆ ಎಂದರೆ ಅಪರಾಧ, ನೋಂದಣಿ ಹೋಯಿತು, ಆಗಲೂ ಅಂಗಡಿ ಮುಚ್ಚಿತು.

"ಮೂರನೇದು ಒಂದಿದೆ" ಎಂದ ಮೈದುನ. "ಗೋಡೆ ಒಳಗಿನ ನಲ್ಲಿ ಪೈಪು ಒಡೆದು ಕಾಲುವೆಗೆ ಸೋರ್ತಿತ್ತು, ನಮಗೆ ಗೊತ್ತೇ ಆಗ್ಲಿಲ್ಲ ಅಂತ ಹೇಳೋದು. ಪೈಪಿನವನು ನನ್ನ ಸ್ನೇಹಿತ, ಬಂದು ಸಾಕ್ಷಿ ಹೇಳ್ತಾನೆ. ಮಿತಿ ಮೀರಿದ್ದೂ ತಪ್ಪಲ್ಲ, ಬೆರೆಸಿದ್ದೂ ತಪ್ಪಲ್ಲ."

"ಆ ಹುಡುಗಿಗೆ ನಾನೇ ರಬ್ಬರ್ ಪೈಪು ತೋರ್ಸಿದೀನಲ್ಲಪ್ಪ."

"ಅದು ನೆಲ ತೊಳೆಯೋದಕ್ಕೆ ಅನ್ನಿ. ಗಾಬರೀಲಿ ಏನೋ ಮಾತಾಡ್ದೆ ಅನ್ನಿ. ನಿಮಗೆ ಬಣ್ಣ ಹಚ್ಚೋದು ಹೇಳಿಕೊಡ್ಬೇಕಾ ಅತ್ತಿಗೆ?"

ಗಂಡ ಅವತ್ತು ತಮಾಷೆ ಮಾಡಲಿಲ್ಲ. "ಅವನು ಹೇಳಿದ ಹಾಗೆ ಹೇಳ್ಬಿಡು" ಎಂದಷ್ಟೇ ಹೇಳಿ, ಸೂಜಿಗೆ ದಾರ ಪೋಣಿಸುತ್ತ ಕೂತ. ಸೂಜಿಯ ಕಣ್ಣು ದಾರಕ್ಕೆ ಸಿಗಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ತಿರುಗದ ಫ್ಯಾನು. ಮೇಜಿನ ಆಚೆ ಚಿಕ್ಕ ಅಧಿಕಾರಿ, ಅವಳ ಪಕ್ಕದಲ್ಲಿ ದಪ್ಪ ಕನ್ನಡಕದ ಹಿರಿಯ ಸಾಹೇಬರು. ಬಣ್ಣದಕ್ಕ ತನ್ನ ಕೈಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು. ಪೈಪು, ಗೋಡೆ, ಸೋರಿಕೆ, ಗೊತ್ತೇ ಆಗಲಿಲ್ಲ. ಚಿಕ್ಕ ಅಧಿಕಾರಿ ತಲೆ ಎತ್ತಿ ಅವಳನ್ನೇ ನೋಡಿ, ಮತ್ತೆ ಕಡತದ ಮೇಲೆ ಬಗ್ಗಿದಳು.

ಸಾಹೇಬರು ಕೇಳಿಸಿಕೊಂಡರು. ಅವರಿಗೂ ಊಟದ ಹೊತ್ತಾಗಿತ್ತು. "ಆಯ್ತಮ್ಮ. ಈಗ ಸೋರೋದು ನಿಂತಿದೆಯಾ?"

"ನಿಂತಿದೆ ಸ್ವಾಮಿ."

"ಹಾಗಾದ್ರೆ ತಾಪತ್ರಯ ಏನಿಲ್ಲ. ನಾಳೆ ಇವರು ಬಂದು ಇನ್ನೊಂದು ಮಾದರಿ ತಗೊಳ್ತಾರೆ. ಅದು ಸರಿ ಇದ್ರೆ ಇದನ್ನ ಇಲ್ಲಿಗೇ ಮುಗಿಸೋಣ."

ಬಣ್ಣದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಳೆ ನಲ್ಲಿ ಬಿಡುವಂತಿಲ್ಲ. ನಲ್ಲಿ ಬಿಡದಿದ್ದರೆ ನೀರು ಮೊದಲಿನಂತೆ ಕಪ್ಪು. ನಾಳೆ ಒಂದು ದಿನ ಒಲೆ ಹಚ್ಚದೆ ತಪ್ಪಿಸಿಕೊಂಡರೆ ನಾಡಿದ್ದು? ಮುಂದಿನ ತಪಾಸಣೆಗೆ ಗೋಡೆಯ ಯಾವ ಪೈಪು ಒಡೆಯಬೇಕು?

"ಸ್ವಾಮಿ, ಪೈಪು ಸೋರಲಿಲ್ಲ" ಎಂದಳು. "ನಾನೇ ಬಿಟ್ಟಿದ್ದು. ನಾಳೆ ಬಂದು ನೋಡಿದ್ರೆ ನೀರು ಕಪ್ಪಗೇ ಇರುತ್ತೆ. ಅದನ್ನ ಬೆಳ್ಳಗೆ ಮಾಡೋದು ನನಗೆ ಬೇರೆ ರೀತಿ ಬರಲ್ಲ. ಏನು ಮಾಡ್ಬೇಕೋ ನೀವೇ ಹೇಳಿ. ಇದು ಹೋದ್ರೆ ನಮ್ಮನೇಲಿ ಇನ್ನೇನೂ ಇಲ್ಲ." ಇಷ್ಟು ಹೇಳಿ ಅತ್ತಳು. ಕಣ್ಣೊರೆಸಲು ಕೈ ಮೇಲೆ ಬಂತು, ಕಡುಗೆಂಪು ಕೈ. ಸಾಹೇಬರು ಒಂದು ಕ್ಷಣ ಗಾಯವೇ ಆಗಿದೆ ಎಂದುಕೊಂಡು ಕುರ್ಚಿಯಿಂದ ಅರ್ಧ ಎದ್ದರು.

ನಿಯಮ ಕಣ್ಣೀರಿನಿಂದ ತೆಳ್ಳಗಾಗುವಂಥದ್ದಲ್ಲ. ನೋಂದಣಿ ಅಮಾನತ್ತಾಯಿತು. ಆದರೆ ಸಾಹೇಬರು ಒಂದು ದಾರಿ ಬಿಟ್ಟರು: ನೀರು ನಿಂತು ಬಣ್ಣ ಕೆಳಗಿಳಿಯುವಂತೆ ತೊಟ್ಟಿ ಕಟ್ಟಿಸಲಿ, ಒಂದು ಹನಿ ಒಳ್ಳೆ ನೀರು ಬೆರೆಸದೆ ಒಮ್ಮೆ ಮಾದರಿ ಕೊಡಲಿ. ಪಾಸಾದರೆ ನೋಂದಣಿ ವಾಪಸ್ಸು. ಇಲ್ಲದಿದ್ದರೆ ಕಾಯಂ ರದ್ದು. ಅವಕಾಶ ಒಂದೇ ಸಲ.

ತೊಟ್ಟಿಗೆ ಜಾಗವೆಲ್ಲಿ? ಮೈದುನ ಟೇಪು ಹಿಡಿದು ಮನೆಯೆಲ್ಲ ಅಳೆದ. ಯಾವ ಮೂಲೆಯಿಂದ ಅಳೆದರೂ ಟೇಪು ಹಿಂದಿನ ಮಲಗುವ ಕೋಣೆಗೇ ಹೋಗಿ ನಿಲ್ಲುತ್ತಿತ್ತು. ಗಂಡ ಎದ್ದು, ಯಾರನ್ನೂ ಕೇಳದೆ, ಮಂಚದ ಹಾಸಿಗೆ ಸುತ್ತಿದ.

"ಮುಂದಿನ ಕೋಣೇಲಿ ಮಲಗೋಣ ಬಿಡೇ. ಗಿರಾಕಿ ಬಂದಾಗ ಎದ್ದು ಬರೋ ತಾಪತ್ರಯ ಇಲ್ಲ, ಮಲಗೇ ಚೀಟಿ ಹೊಲೀತೀನಿ."

"ಬಾಗಿಲು ಮುಚ್ಚೋಕೂ ಆಗ್ದ ಕಡೆ, ಈ ಹಬೆ ಪಕ್ಕದಲ್ಲಾ? ನಿಮ್ಮ ಎದೆಗೆ?"

"ಎದೆ ಏನು ಮಾಡುತ್ತೆ, ಇಲ್ಲೇ ಇರುತ್ತೆ" ಎಂದ. ಮಂಚದ ಕಾಲು ಹಿಡಿದು ಎಳೆಯಲು ಹೋಗಿ ಉಸಿರು ಸಿಗದೆ ಅದರ ಮೇಲೆಯೇ ಕೂತುಬಿಟ್ಟ. ಉಳಿದಿಬ್ಬರು ಅವನನ್ನು ಕೂರಿಸಿಕೊಂಡೇ ಮಂಚ ತಳ್ಳಿದರು.

ಎರಡು ತೊಟ್ಟಿಗಳೆದ್ದವು. ಮೊದಲನೆಯದರಲ್ಲಿ ಸುಣ್ಣ, ಪಟಿಕ ಹಾಕಿ ಕಲಕಿದರೆ ಬಣ್ಣ ಗಸಿಯಾಗಿ ಕೆಳಗೆ ಕೂರಬೇಕು. ಮೇಲಿನ ನೀರು ಎರಡನೆಯದಕ್ಕೆ ಇಳಿಯಬೇಕು. ಗಸಿಯನ್ನು ಚರಂಡಿಗೆ ಹಾಕುವಂತಿಲ್ಲ, ಅದನ್ನು ಒಯ್ಯಲು ನೋಂದಣಿಯಾದ ಬೇರೆಯವರೇ ಬರಬೇಕು. ಮಾದರಿಯ ದಿನ ಯಾವ ಬಣ್ಣ ಹಾಕುವುದೆಂದು ಮತ್ತೊಂದು ಜಗಳ.

"ತಿಳಿ ಹಳದಿ ಹಾಕಿ ಅತ್ತಿಗೆ, ಕಣ್ಮುಚ್ಚಿ ಪಾಸು" ಎಂದ ಮೈದುನ. "ಹಳದಿ ಬಣ್ಣ ಅಲ್ವಾ? ಸುಳ್ಳೇನಿದೆ ಇದರಲ್ಲಿ?"

"ಬರೋ ಕೋಟುಗಳೆಲ್ಲ ಕಪ್ಪು. ಕಪ್ಪು ಪಾಸಾಗ್ದೆ ಇದ್ರೆ ಹಳದಿ ಪತ್ರ ಇಟ್ಕೊಂಡು ಏನ್ ಮಾಡ್ಲಿ?"

ಅವಳು ಕಪ್ಪನ್ನೇ ಹಾಕಿದಳು. ಸುಣ್ಣ ಹಾಕಿದಳು, ಕಲಕಿದಳು, ಕಾದಳು. ಇದೇ ಅವಳಿಗೆ ಬಾರದ ಕೆಲಸ. ಜೀವನವಿಡೀ ನೀರು ಓಡಿಸಿದವಳು ಈಗ ನೀರು ನಿಲ್ಲುವುದನ್ನು ನೋಡಬೇಕಿತ್ತು. ತೊಟ್ಟಿಯ ಅಂಚು ಹಿಡಿದು ಬಗ್ಗಿದಳು, ಕಪ್ಪು ಅಲುಗಲಿಲ್ಲ. ಮಹಡಿ ಹತ್ತಿ ಒಲೆ ಮೇಲೆ ಏನೋ ಇಟ್ಟು ಮರೆತು ಕೆಳಗೆ ಬಂದಳು. ಮೇಲ್ಪದರ ಬೆರಳಷ್ಟು ಕಂದಾಗಿತ್ತು. ಮತ್ತೆ ಬಂದಾಗ ಅಷ್ಟೇ. ಮೂಲೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ಅವಳು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿ, ಸಾಲದೆಂದು ಬಟ್ಟೆ ಸುತ್ತಿ ಗಂಟು ಹಾಕಿದಳು.

ಅಧಿಕಾರಿ ಬಂದು ಬಾಟಲಿ ತುಂಬಿದಾಗ ಅದರಲ್ಲಿದ್ದದ್ದು ಹೊಗೆಯ ಬಣ್ಣದ ನೀರು. "ಆಗುತ್ತಾಮ್ಮ?" ಎಂದಳು ಬಣ್ಣದಕ್ಕ.

"ಕಣ್ಣಲ್ಲಿ ಹೇಳಕ್ಕಾಗಲ್ಲಮ್ಮ. ಪ್ರಯೋಗಾಲಯ ಹೇಳ್ಬೇಕು." ಹೊರಡುವಾಗ ಬಾಗಿಲಲ್ಲಿ ನಿಂತು, "ನಾನೂ ಆಗ್ಲಿ ಅಂತಲೇ ಅಂದ್ಕೋತಿದೀನಿ" ಎಂದಳು.

ಫಲಿತಾಂಶ ಬರುವವರೆಗೆ ಹಂಡೆಗಳು ತಣ್ಣಗಿದ್ದವು. ಗಿರಾಕಿಗಳು ಬಂದರು, ಮುಂಬಾಗಿಲಲ್ಲೇ ಮಂಚ ಕಂಡು, ಯಾರಿಗೋ ಹುಷಾರಿಲ್ಲವೆಂದು ಮೆತ್ತಗೆ ಹಿಂದಿರುಗಿದರು. ಬಣ್ಣದಕ್ಕನ ಕೈ ದಿನದಿಂದ ದಿನಕ್ಕೆ ಎಲ್ಲರ ಕೈಯಂತಾಗತೊಡಗಿತು. ಅದನ್ನು ನೋಡಿದರೆ ಅವಳಿಗೆ ಯಾರೋ ಸತ್ತಂತೆ ಅನ್ನಿಸುತ್ತಿತ್ತು.

ಕೊನೆಗೂ ಉತ್ತರ ಬಂತು. ಪಾಸು, ಕೂದಲೆಳೆಯಷ್ಟರಲ್ಲಿ ಪಾಸು. ನೋಂದಣಿ ವಾಪಸ್ಸು ಬಂದಿತ್ತು, ಒಂದು ಷರತ್ತಿನ ಮೇಲೆ: ಈ ಎರಡು ತೊಟ್ಟಿಗಳು ತಿಳಿ ಮಾಡಬಲ್ಲಷ್ಟೇ ಬಟ್ಟೆ, ಅದಕ್ಕಿಂತ ಒಂದು ಕೋಟೂ ಹೆಚ್ಚಲ್ಲ. ಲೆಕ್ಕ ಹಾಕಿದರೆ ಮೂರು ಹಂಡೆಗಳಲ್ಲಿ ಒಂದಕ್ಕೆ ಮಾತ್ರ ಕೆಲಸ. ಒಂದು ಹಂಡೆಗೆ ಒಬ್ಬರು ಸಾಕು.

ಪತ್ರ ಓದಿದವನು ಮೈದುನನೇ. ಓದಿ, ಮಡಿಚಿ, ಅಣ್ಣನ ಮಂಚದ ಮೇಲಿಟ್ಟ. ಯಾರೂ ಅವನಿಗೆ ಏನೂ ಹೇಳಬೇಕಾಗಲಿಲ್ಲ.

"ಹೋಗ್ಬೇಡ ಕಣೋ" ಎಂದಳು ಬಣ್ಣದಕ್ಕ. "ಇರೋದನ್ನೇ ಹಂಚ್ಕೊಳ್ಳೋಣ."

"ಎಷ್ಟು ಅಂತ ತೆಳ್ಳಗೆ ಮಾಡ್ತೀರಿ ಅತ್ತಿಗೆ? ನನಗೂ ಮಗು ಇದೆ." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದನ್ನೇ ಅವಳಿಂದ ತಡೆಯಲಾಗಲಿಲ್ಲ. "ಪೈಪು ಸೋರ್ತು ಅಂತ ಹೇಳಿದ್ರಲ್ಲ, ಅಲ್ಲಿಗೇ ನಿಲ್ಲಿಸಿದ್ರೆ ಇನ್ನೊಂದು ವರ್ಷ ಆದ್ರೂ ಒಟ್ಟಿಗೆ ಇರ್ತಿದ್ವಿ."

ಇದ್ದರೂ ಇರುತ್ತಿದ್ದೆವೇನೋ ಎಂದುಕೊಂಡಳು ಬಣ್ಣದಕ್ಕ. ಅವನು ಅಣ್ಣನ ಕಾಲು ಮುಟ್ಟಿ, ಚಪ್ಪಲಿ ಮೆಟ್ಟಿಕೊಂಡು, ಬೆಳಕಿದ್ದಾಗಲೇ ಹೊರಟ. ಎಂದೂ ಅಷ್ಟು ಬೇಗ ಹೊರಟವನಲ್ಲ. ಬಣ್ಣದಕ್ಕ ಒಳಗೆ ಹೋಗಿ ಮೂರರಲ್ಲಿ ಎರಡು ಹಂಡೆಗಳನ್ನು ಬೋರಲು ಹಾಕಿದಳು. ಮೂರನೆಯದಕ್ಕೆ ನೀರು ತುಂಬಿ ಒಲೆ ಹಚ್ಚಿ, ಅಭ್ಯಾಸಬಲದಿಂದ ಮೈದುನನನ್ನು ಕೂಗಿದಳು, "ಕೋಲು ತಗೊಂಡು ಬಾರೋ" ಎಂದು.

ಮುಂದಿನ ಕೋಣೆಯಿಂದ ಗಂಡ ಎದ್ದು, ಗೋಡೆ ಹಿಡಿದು, ಕೆಮ್ಮುತ್ತ, ಕೋಲು ತಂದುಕೊಟ್ಟ.