ಮೂವರು ಕೂಡಿ ಬರೆದ ಬಿರುಕು

ಕಸ್ತೂರಿಬಾಯಿ ಟೀಚರು ಇದ್ದಾರಲ್ಲ, ವಿಜಯಪುರದವರು, ಕಾಂದಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದು ಪರೇಲಿನ ಕನ್ನಡ ಶಾಲೆಯಲ್ಲಿ ನಿಂತೇ ಪಾಠ ಮಾಡುವವರು. ಇಪ್ಪತ್ತೆರಡು ವರ್ಷದಿಂದ ಅವರದು ಒಂದೇ ಹಟ: ಏಳನೆಯ ತರಗತಿಯ ಮಕ್ಕಳು ಗೈಡು ನೋಡಿ ಪ್ರಬಂಧ ಇಳಿಸಬಾರದು. ಮೂವರಿಗೆ ಒಂದೇ ಹಾಳೆ. ಒಬ್ಬರು ಕಾರಣ ಬರೆಯಬೇಕು, ಇನ್ನೊಬ್ಬರು ಸಾಕ್ಷಿ ತರಬೇಕು, ಮೂರನೆಯವರು ಜಗಳ ತೆಗೆಯಬೇಕು. ಮೂವರೂ ಒಪ್ಪಿದ ಮೇಲೆಯೇ ಕೊನೆಯ ಸಾಲು.

ಈ ಸಲ ಶಿವಪುತ್ರ, ಲಾವಣ್ಯಾ, ಯಕ್ಷಿತಾ ಆರಿಸಿಕೊಂಡದ್ದು ಸಾಲುಖೋಲಿಗಳ ಹಳೇ ಚಾಳಿನಲ್ಲಿದ್ದ ಲಾವಣ್ಯಾಳ ಮನೆಯ ಗೋಡೆಯನ್ನು. ಅದು ಬಿರಿಯುವುದೇಕೆ?

'ಮಳೆಯಿಂದ' ಎಂದು ಶಿವಪುತ್ರ ಬರೆದ. ಚಾಳಿನವರೆಲ್ಲ ಹೇಳುವುದೂ ಅದನ್ನೇ. ಲಾವಣ್ಯಾ ಸಾಕ್ಷಿಗೆಂದು ಪ್ರತಿ ರವಿವಾರ ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಹಾಕಿ, ಹಾಳೆಗೂ ಇಳಿಸಿದಳು. ಜಗಳದ ಪಾಳಿ ಯಕ್ಷಿತಾಳದು.

"ಅರೇ, ಮಳೆ ದಸರಾಕ್ಕೇ ನಿಂತಿತಲ್ಲ? ಫಿರ್ ದೀಪಾವಳಿ ಆದ್ಮೇಲೆ ಒಂದು ಗೇಣು ಹೇಗೆ ಬೆಳೀತು?"

"ನಿನ್ನ ತಲಿ," ಎಂದ ಶಿವಪುತ್ರ. ತಾರೀಕುಗಳನ್ನು ನೋಡಿ 'ಮಳೆಯಿಂದ' ಎಂಬುದನ್ನು ತಾನೇ ಹೊಡೆದುಹಾಕಿದ. ಪಕ್ಕದ ಟವರಿಗೆ ಪಾಯ ಅಗೆಯತೊಡಗಿದ ವಾರದಿಂದ ಗೆರೆಗೂ ಗೆರೆಗೂ ಅಂತರ ಹೆಚ್ಚಿತ್ತು. ಮೂವರೂ ಕೂಡಿ ಬರೆದರು: 'ಆದ್ದರಿಂದ ಇದು ಮಳೆಯ ಬಿರುಕಲ್ಲ. ಬೆಳೆಯುವುದು ಇನ್ನೂ ನಿಂತಿಲ್ಲ.'

ಕೆಂಪು ಪೆನ್ನು ಹಿಡಿದ ಟೀಚರು ಅಂಕ ಹಾಕಲಿಲ್ಲ.

"ಆ ಗ್ವಾಡಿ ಬಾಜೂಕ ಯಾರ್ ಮಲಗ್ತೀರಿ, ಲಾವಣ್ಯಾ?"

"ನಾನು, ಅವ್ವ."

ಶಾಲೆ ಬಿಟ್ಟೊಡನೆ ಟೀಚರು ಹಾಳೆ ಹಿಡಿದು ಲಾವಣ್ಯಾಳ ಜೊತೆ ಚಾಳಿಗೇ ಹೋದರು. ಲಾವಣ್ಯಾಳ ಅಪ್ಪ ದಾನಪ್ಪ ನಕ್ಕ.

"ಬಾಯಾರ, ಹುಡುಗ್ರ ನಿಬಂಧ ಓದಿ ಮನಿ ಬಿಡಬೇಕೇನ್ರಿ?"

"ನಗಬ್ಯಾಡ್ರಿ. ತಾರೀಕ ನೋಡ್ರಿ."

ನೋಡಿದ. ಎದ್ದು ಹೋಗಿ ಬಿರುಕು ಮುಟ್ಟಿದ. ಬೆರಳು ಒಳಗೇ ಹೋಯಿತು.

"ತಾಯಿ ಮಗಳು ಇಬ್ಬರನ್ನೂ ನಿಮ್ಮನೀಗೆ ಕರಕೊಂಡು ಹೋಗ್ರಿ," ಎಂದ, ದನಿ ತಗ್ಗಿಸಿ. "ನಾ ಇಲ್ಲೇ ಇರ್ತೀನಿ."

"ಹುಚ್ಚೇನ್ರಿ ನಿಮಗ?"

"ಖೋಲಿ ಖಾಲಿ ಮಾಡಿದ್ರ ಮುಗೀತ್ರಿ. ಕೀಲಿ ಹಾಕಿದ ಖೋಲಿಗೆ ನಾಳೆ ಮಾಲಕರು ಹಕ್ಕದಾರ ಯಾರಂತ ಕೇಳ್ತಾರ. ನಮ್ಮಪ್ಪ ಗಿರಣಿಯಾಗ ದುಡಿದು ಹಿಡಿದದ್ದು ಇದು."

ಇದೇ ಭಯಕ್ಕೆ ಆ ಚಾಳಿನ ನಲವತ್ತು ಮನೆಗಳೂ ಬಾಗಿಲು ತೆರೆದುಕೊಂಡು ಕೂತಿದ್ದವು. ನಾಳೆ ಪಾಲಿಕೆಯ ವಾರ್ಡ್ ಆಫೀಸಿಗೆ ಹಾಳೆ ಒಯ್ಯುವೆನೆಂದರು ಟೀಚರು. ನಾಳೆ ಅನ್ನುವಾಗ ಅವರ ಕಣ್ಣು ಗೋಡೆಯ ಮೇಲೇ ಇತ್ತು.

ಹೆಂಡತಿ ಮಗಳನ್ನು ಕಳಿಸಲು ದಾನಪ್ಪ ಗೇಟಿನ ತನಕ ಬಂದು, ಮಗಳ ಕೈಗೆ ಪುಸ್ತಕದ ದಪ್ತರ ಕೊಟ್ಟು ತಿರುಗಿದ.

"ಅಪ್ಪಾ, ನೀನೂ ಬಾ."

ಮೆಟ್ಟಿಲ ಬಳಿ ಅವನ ಹೆಗಲ ಮೇಲೆ ಸುಣ್ಣದ ಚಕ್ಕೆಯೊಂದು ಉದುರಿತು. ಝಾಡಿಸಿಕೊಂಡು ಮೇಲೆ ಹತ್ತಿದ.