ಹೋಗುವಾಗ ತೊಳೆದು ಹೋಗಬೇಡಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಬಾಕಿ. ಮೂರನೇ ಮಹಡಿಯ ಕೊನೆಯ ಮನೆಯ ಬಾಗಿಲು ತೆರೆದಿದೆ, ಆದರೆ ಬೀಗ ತೆಗೆದ ಹೆಂಗಸು ಒಳಗೆ ಹೋಗುತ್ತಿಲ್ಲ. ಹೊಸ್ತಿಲಾಚೆಯೇ ನಿಂತು, ಕತ್ತನ್ನಷ್ಟೇ ಮುಂದೆ ಚಾಚಿ, ಮೂಗರಳಿಸಿ ಗಾಳಿ ಎಳೆದುಕೊಳ್ಳುತ್ತಿದ್ದಾರೆ. ಹುರಿದ ಮೊಟ್ಟೆಯ ವಾಸನೆ, ಯಾರದೋ ಸೆಂಟಿನ ವಾಸನೆ, ಒದ್ದೆ ಟವೆಲಿನ ಮುಗ್ಗಲು ವಾಸನೆ. ಬೇರೇನಿಲ್ಲ ಎಂದು ಖಾತ್ರಿಯಾದ ಮೇಲೆ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಕಾಲಿಡುತ್ತಾರೆ. ಕಿಟಕಿಗಳನ್ನೆಲ್ಲ ತೆರೆಯುತ್ತಾರೆ, ಬಚ್ಚಲಿನ ಫ್ಯಾನು ಹಾಕುತ್ತಾರೆ. ಪೊರಕೆಯ ಹಿಡಿಯಿಂದ ಕಮೋಡಿನ ಮುಚ್ಚಳ ಎತ್ತಿ, ಫ್ಲಶ್ ಒತ್ತಿ, ಹೊರಗೆ ಬಂದು ನಿಲ್ಲುತ್ತಾರೆ. ತೊಟ್ಟಿ ಮತ್ತೆ ತುಂಬಲು ಮೂರು ನಿಮಿಷ. ಇನ್ನೊಂದು ಸಲ ಒತ್ತುತ್ತಾರೆ. ಮತ್ತೆ ಮೂರು ನಿಮಿಷ. ಮೂರನೆಯದೂ ಆಗಿ ತೊಟ್ಟಿ ತುಂಬಿದ ಮೇಲೆಯೇ ಬಕೆಟ್ಟು ಒಳಗೆ ಹೋಗುವುದು.

“ನೋಡ್ದೋರು ನಗ್ತಾರೆ. ಇದೇನಕ್ಕಾ, ಪೊಲೀಸ್ ನಾಯಿ ಥರ ಬಾಗ್ಲಲ್ಲಿ ಮೂಸ್ತಾ ನಿಂತಿದೀಯ ಅಂತಾರೆ. ನಗ್ಲಿ ಬಿಡಿ. ನಗೋಕೆ ಉಸ್ರು ಇದೆಯಲ್ಲ, ಪುಣ್ಯವಂತ್ರು.”

ಈ ಬೀದಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಬೀಗದಕ್ಕ ಎಂದು. ಸೊಂಟದಲ್ಲಿ ಹನ್ನೊಂದು ಬೀಗದ ಕೈಗಳ ಗೊಂಚಲು. ಸಮುದ್ರದ ಕಡೆಗೆ ಇಳಿಯುವ ಈ ರಸ್ತೆಯ ನಾಲ್ಕು ಮಹಡಿಯ ಕಟ್ಟಡದಲ್ಲಿ ರಜೆಗೆಂದು ಬರುವವರಿಗೆ ದಿನಬಾಡಿಗೆಗೆ ಕೊಡುವ ಹನ್ನೊಂದು ಮನೆಗಳಿವೆ. ಹನ್ನೊಂದಕ್ಕೂ ಒಡತಿ ಒಬ್ಬರೇ, ಎಲ್ಲರ ಬಾಯಲ್ಲೂ ಅವರು ಮೇಡಂ. ಹನ್ನೆರಡು ವರ್ಷದಿಂದ ಈ ಮನೆಗಳನ್ನು ಒಬ್ಬರು ಬಿಟ್ಟುಹೋದ ಮೇಲೆ ಇನ್ನೊಬ್ಬರಿಗಾಗಿ ಅಣಿ ಮಾಡುತ್ತಿರುವವರು ಬೀಗದಕ್ಕ. ವಯಸ್ಸು ಐವತ್ತೊಂದು. ಬಂದವರು ಬಾಗಿಲು ತೆರೆದ ಕೂಡಲೇ “ಆಹಾ, ಎಷ್ಟು ಚೊಕ್ಕಟ!” ಎನ್ನುತ್ತಾರಲ್ಲ, ಆ ಆಹಾಕಾರದ ಹಿಂದೆ ಯಾರಿದ್ದಾರೆಂದು ಇಷ್ಟು ವರ್ಷದಲ್ಲಿ ಕೇಳಿದವರು ಬೆರಳೆಣಿಕೆಯ ಮಂದಿ.

ದಿನಕ್ಕೆ ನಾಲ್ಕು ಮನೆ. ಅಂದರೆ ಒಂಬತ್ತು ಹಾಸಿಗೆ, ಹದಿನೆಂಟು ದಿಂಬು, ಐದು ಕಕ್ಕಸು. ಲಿಫ್ಟು ಇರುವುದು ಗೆಸ್ಟುಗಳಿಗೆ, ಬಕೆಟ್ಟು ಹೊತ್ತವರಿಗೆ ಮೆಟ್ಟಿಲು. ಒಂದು ಮನೆಗೆ ಸಿಗುವುದು ಒಂದೂವರೆ ಗಂಟೆ. ಮೊದಲೆಲ್ಲ ಹೀಗಿರಲಿಲ್ಲ. ಬೀಗದಕ್ಕ, ಅವರ ತಂಗಿ ಇಬ್ಬರೂ ಸೇರಿ ದಿನಕ್ಕೆ ಎರಡೇ ಮನೆ ಮಾಡುತ್ತಿದ್ದರು, ಒಂದೊಂದಕ್ಕೆ ಮೂರು ಗಂಟೆ. ಅಕ್ಕನದು ಹಾಸಿಗೆ, ಅಡುಗೆಮನೆ. ಏಳು ವರ್ಷ ಚಿಕ್ಕವರಾದ ತಂಗಿಯದು ಬಚ್ಚಲು, ನೆಲ. “ಅವಳು ಬಚ್ಚಲಲ್ಲಿ ಹಾಡೋಳು, ನಾನು ಇಲ್ಲಿಂದ ಬೈಯೋಳು. ಕತ್ತೆ ಕೂಡ ನಿನಗಿಂತ ಶ್ರುತೀಲಿ ಕೂಗುತ್ತೆ ಕಣೇ ಅಂತ. ಮೂರು ಗಂಟೆ ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ.” ಆಮೇಲೆ ಅದೇ ಇಬ್ಬರಿಗೆ ನಾಲ್ಕು ಮನೆಯಾಯಿತು, ಮನೆಗೆ ಒಂದೂವರೆ ಗಂಟೆಯಾಯಿತು. ಈಗಲೂ ಅಷ್ಟೇ ಮನೆ, ಅಷ್ಟೇ ಹೊತ್ತು. ಕೈಗಳು ಮಾತ್ರ ಎರಡು ಕಡಿಮೆ.

ಎಲ್ಲ ಬದಲಾದದ್ದು ಒಂದು ಪಟ್ಟಿಯಿಂದ. ಎರಡು ವರ್ಷದ ಹಿಂದೆ ಹನ್ನೊಂದೂ ಮನೆಯ ಫ್ರಿಜ್ಜಿನ ಮೇಲೆ ಮೇಡಂ ಒಂದು ಕಾಗದ ಅಂಟಿಸಿದರು. ‘ಮನೆ ಬಿಡುವ ಮುನ್ನ ದಯವಿಟ್ಟು’ ಎಂದು ಮೇಲೆ ದಪ್ಪಕ್ಷರ, ಕೆಳಗೆ ಒಂಬತ್ತು ಕೆಲಸ. ಹಾಸಿಗೆ, ದಿಂಬಿನ ಬಟ್ಟೆ ಕಳಚಿ ಮೂಟೆ ಕಟ್ಟಿಡಿ. ಪಾತ್ರೆ ತೊಳೆಯಿರಿ. ಕಸ ಕೆಳಗೆ ಒಯ್ದು ಹಾಕಿ. ಎಲ್ಲ ಸ್ವಿಚ್ಚು ಆರಿಸಿ. ಕೊನೆಯದು, ಕಕ್ಕಸು ತೊಳೆಯಿರಿ. ಗೆಸ್ಟುಗಳೇ ಇಷ್ಟು ಮಾಡಿದ ಮೇಲೆ ನಿಮಗೇನಿದೆ ಕೆಲಸ, ನೀವು ಮೇಲೆಮೇಲೆ ಒರೆಸಿದರೆ ಸಾಕು ಎಂದು ಮೂರು ಗಂಟೆ ಒಂದೂವರೆಯಾಯಿತು, ಎರಡು ಮನೆ ನಾಲ್ಕಾಯಿತು. ಸುತ್ತಲಿನ ಎರಡು ಕಟ್ಟಡದವರೂ ಅದೇ ಪಟ್ಟಿಯನ್ನು ಇಳಿಸಿಕೊಂಡರು. ಒಳ್ಳೆಯದನ್ನು ನೋಡಿ ಕಲಿಯುವುದು ತಡ, ಇಂಥದ್ದಕ್ಕೆ ಜನ ಮುಂದು.

ಗೆಸ್ಟುಗಳಲ್ಲಿ ಇದಕ್ಕೆ ಎರಡು ಪಂಗಡ. ಕಸದ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಗಂಡಸೊಬ್ಬರು ಬೀಗದಕ್ಕನನ್ನೇ ಕೇಳಿದ್ದರಂತೆ, “ಏನಮ್ಮಾ, ನಾವು ರಜಕ್ಕೆ ಬಂದಿದೀವೋ ಕೂಲಿಗೆ ಬಂದಿದೀವೋ?” ಎಂದು. ಇನ್ನೊಂದು ಪಂಗಡ ಒಳ್ಳೆಯವರದು. ಅಯ್ಯೋ ಪಾಪ, ಕೆಲಸದವರಿಗೆ ಹಗುರವಾಗಲಿ ಎಂದು ಮೈಬಗ್ಗಿಸಿ ಉಜ್ಜಿ, “ಥ್ಯಾಂಕ್ಯೂ” ಎಂದು ಚೀಟಿ ಬರೆದಿಟ್ಟು ಹೋಗುವವರು. ಬೀಗದಕ್ಕನಿಗೆ ಭಯವಿರುವುದು ಈ ಎರಡನೆಯವರದೇ.

“ತಟ್ಟೆ ತೊಳೀತಾರಾ, ತೊಳೀಲಿ, ಸಂತೋಷ. ಉಳಿದಿದ್ದು ಕಸಕ್ಕೆ ಹಾಕ್ತಾರಾ, ಕೈ ಮುಗೀತೀನಿ. ಹಾಸಿಗೆ ಮಾತ್ರ ಮುಟ್ಬಾರ್ದು. ಮಲಗಿದ್ದು ಹಾಗೇ ಇದ್ರೆ ಎಲ್ಲಿ ಕಲೆ, ಎಲ್ಲಿ ಒದ್ದೆ ಕಣ್ಣಿಗೆ ಕಾಣುತ್ತೆ. ಮೂಟೆ ಕಟ್ಟಿಟ್ರೆ ಒಳಗೇನಿದೆ ಅಂತ ಯಾವ ದೇವ್ರಿಗೆ ಗೊತ್ತು? ಒಂದ್ಸಲ ಬ್ಲೇಡಿತ್ತು.” ಎಡಗೈಯ ತೋರುಬೆರಳನ್ನು ತೋರಿಸುತ್ತಾರೆ. ಉದ್ದಕ್ಕೆ ಬಿಳಿಗೆರೆಯೊಂದು ಓಡಿದೆ. “ಇದು ಬಿಡಿ, ಬೆರಳು. ಬಚ್ಚಲಿಂದು ಹಾಗಲ್ಲ.”

ಬಚ್ಚಲಿನದು ನಡೆದು ಹದಿನಾಲ್ಕು ತಿಂಗಳಾಯಿತು. ಎರಡನೇ ಮಹಡಿಯ ಮನೆ. ಬಿಟ್ಟುಹೋದವರು ಹೊಸದಾಗಿ ಮದುವೆಯಾದ ಗಂಡಹೆಂಡತಿ, ಪಟ್ಟಿಯಲ್ಲಿದ್ದ ಒಂಬತ್ತನ್ನೂ ಅಚ್ಚುಕಟ್ಟಾಗಿ ಮಾಡಿದ್ದರು. ಕಕ್ಕಸಿಗೆ ಅಂಗಡಿಯಿಂದ ತಂದ ಆಸಿಡ್ ಸುರಿದಿದ್ದರು. ನೆನೆಯಲು ಬಿಡಿ ಎಂದು ಬಾಟಲಿಯ ಮೇಲೆ ಬರೆದಿತ್ತು, ಹಾಗೆಯೇ ಬಿಟ್ಟು ಮುಚ್ಚಳ ಹಾಕಿದರು. ಪಟ್ಟಿಯ ಪ್ರಕಾರ ಫ್ಯಾನಿನ ಸ್ವಿಚ್ಚನ್ನೂ ಆರಿಸಿದರು. ಆ ಬಚ್ಚಲಿಗೆ ಕಿಟಕಿಯಿಲ್ಲ. ಅಕ್ಕತಂಗಿಯರು ಬಂದರು, ಕಮೋಡಿಗೆ ಬ್ಲೀಚು ಬಿತ್ತು. ಈ ಎರಡು ಸೇರಿದರೆ ಏಳುವ ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ತಂಗಿ ಒಳಗೆ ಮಂಡಿಯೂರಿ ಮುಚ್ಚಳ ಎತ್ತಿದರು.

“ಕೆಮ್ಮು ಕೇಳಿಸ್ತು. ನಮಗೆ ಬ್ಲೀಚ್ ಕೆಮ್ಮು ಹೊಸದಾ? ಕೆಮ್ತಾಳೆ ಅಂತ ನಾನು ದಿಂಬಿಗೆ ಕವರ್ ಹಾಕ್ತಾನೇ ಇದ್ದೆ. ಎರಡು ದಿಂಬು ಮುಗೀತು. ಮೂರನೇದು ಕೈಲಿತ್ತು. ಕೆಮ್ಮು ನಿಂತೋಯ್ತು.” ಬೀಗದಕ್ಕ ಕಿಟಕಿಯ ಗಾಜನ್ನು, ಆಗಲೇ ಒರೆಸಿದ ಗಾಜನ್ನು, ಮತ್ತೊಮ್ಮೆ ಒರೆಸುತ್ತಾರೆ.

ತಂಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಜೀವ ಉಳಿಯಿತು, ಉಸಿರು ಅರ್ಧ ಉಳಿಯಿತು. ‘ರೋಗಿಯೇ ನೋಡದೆ ಎರಡು ದ್ರಾವಣ ಬೆರೆಸಿದ್ದಾರೆ’ ಎಂದು ಆಸ್ಪತ್ರೆಯ ಕಾಗದದಲ್ಲಿದೆ. ಹಾಗೆಂದು ಹೇಳಿದ್ದು ತಂಗಿಯೇ. ಅದನ್ನು ಓದಿದ ಮೇಡಂ ನಿಟ್ಟುಸಿರುಬಿಟ್ಟರು. ತಪ್ಪು ಗೆಸ್ಟಿನದಲ್ಲ, ಪಟ್ಟಿಯದಲ್ಲ, ಕೆಲಸದವಳದು. ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಇಲ್ಲಿ ಮೇಕೆಯೇ ಬಂದು ಬಾಯಿ ಒಡ್ಡಿತ್ತು. ಅಷ್ಟಾದ ಮೇಲೂ ಪಟ್ಟಿ ಹೋಗಲಿಲ್ಲ, ಬೆಳೆಯಿತು. ‘ತೊಳೆದ ಮೇಲೆ ಫ್ಲಶ್ ಮಾಡಿ’ ಎಂಬುದು ಹತ್ತನೇ ಕೆಲಸವಾಯಿತು. ಎಲ್ಲರೂ ಮಾಡುವುದಿಲ್ಲ. ಹೋದ ತಿಂಗಳೊಂದರಲ್ಲೇ ಎರಡು ಮನೆಯ ಹೊಸ್ತಿಲಲ್ಲಿ ಬೀಗದಕ್ಕನ ಮೂಗಿಗೆ ಆಸಿಡ್ಡಿನ ಘಾಟು ಹೊಡೆದಿದೆ.

ಮೇಡಂ ಕೆಟ್ಟವರೆಂದು ಯಾರೂ ಹೇಳುವುದಿಲ್ಲ, ಬೀಗದಕ್ಕನೂ ಹೇಳುವುದಿಲ್ಲ. ಫೋನಿನಲ್ಲಿ ಅವರದು ನಯವಾದ ಮಾತು. “ಯಾರ ಮನೆಗೆ ಹೋದ್ರೂ ಹೊರಡೋವಾಗ ಚೊಕ್ಕ ಮಾಡಿ ಹೋಗೋದು ಮರ್ಯಾದೆ ಅಲ್ವಾ? ಅತಿಥಿಗಳು ಮಾಡಿದ್ರೆ ಇವರಿಗೇ ಸುಲಭ. ಅವರ ತಂಗಿ ವಿಷಯದಲ್ಲಿ ನನಗೂ ತುಂಬ ಬೇಜಾರಿದೆ. ಆದ್ರೆ ಅವರು ನೋಡದೆ ಸುರಿದ್ರೆ ಪಟ್ಟಿ ಏನ್ ಮಾಡುತ್ತೆ, ಹೇಳಿ?” ಕಳೆದ ವಾರ ಅವರು ಮತ್ತೊಂದು ಸುದ್ದಿ ಕಳಿಸಿದ್ದಾರೆ. ಬರುವ ತಿಂಗಳಿಂದ ನೆಲ ಒರೆಸುವುದೂ ಗೆಸ್ಟಿನದೇ, ಆದ್ದರಿಂದ ಮನೆಗೆ ಒಂದೇ ಗಂಟೆ. ಒಪ್ಪಿಗೆಯೋ ಇಲ್ಲವೋ, ಭಾನುವಾರದೊಳಗೆ ತಿಳಿಸಬೇಕು.

ಒಂದು ಗಂಟೆಯಲ್ಲಿ ಒಂಬತ್ತು ನಿಮಿಷ ಫ್ಲಶ್ಶಿಗೆ ಕಾಯುತ್ತ ನಿಲ್ಲಲಾಗುವುದಿಲ್ಲ. ಅದು ಬೀಗದಕ್ಕನಿಗೆ ಗೊತ್ತು. ಗಂಟೆ ಕಡಿಮೆ ಮಾಡುವುದಾದರೆ ಮಾಡಿ, ಕಕ್ಕಸಿನ ಸಾಲೊಂದನ್ನು ಪಟ್ಟಿಯಿಂದ ತೆಗೆಯಿರಿ ಎಂದು ಮೂರು ಸಲ ಕೇಳಿದ್ದಾರೆ. ಮೂರು ಸಲವೂ ಮೇಡಂ ಅದೇ ಆಸ್ಪತ್ರೆಯ ಕಾಗದವನ್ನು ಮುಂದೆ ಹಿಡಿದಿದ್ದಾರೆ, ಮೂರು ಸಲವೂ ಇವರು ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದಾರೆ. “ಬಿಸಿತುಪ್ಪ ಕಣ್ರೀ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ,” ಎನ್ನುತ್ತಾರೆ. ಯಾಕೆಂದು ಕೇಳಿದರೆ, “ಮನೆಗೆ ಬನ್ನಿ” ಎಂದಷ್ಟೇ ಉತ್ತರ.

ಮನೆಯೆಂದರೆ ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ ನೆಲಮಟ್ಟದ ಒಂದೇ ಕೋಣೆ. ಮೊದಲು ಮೇಲ್ಮಹಡಿಯಲ್ಲಿದ್ದರು, ತಂಗಿಗೆ ಮೆಟ್ಟಿಲು ಹತ್ತಲಾಗದ್ದರಿಂದ ಕೆಳಗೆ ಬಂದರು. ಗೋಡೆಗೆ ತೇವ, ಹಾಸಿಗೆಯ ಪಕ್ಕ ಇನ್ಹೇಲರು, ಒರಗಲು ನಾಲ್ಕು ದಿಂಬು. ತಂಗಿ ಬೆನ್ನು ಚಾಚಿ ಮಲಗದೆ ಹದಿನಾಲ್ಕು ತಿಂಗಳಾಯಿತು, ನಿದ್ದೆ ಏನಿದ್ದರೂ ಕೂತಲ್ಲೇ. ಬಾಗಿಲಿಂದ ನಲ್ಲಿಗೆ ಹನ್ನೊಂದು ಹೆಜ್ಜೆ, ಆರನೆಯದಕ್ಕೆ ನಿಂತು ಗೋಡೆ ಹಿಡಿಯಬೇಕು. ಆದರೂ ನಾಲಿಗೆಗೆ ಏನೂ ಆಗಿಲ್ಲ. ಅಕ್ಕನ ಗಂಡ ತೀರಿಕೊಂಡವರು, ತಂಗಿಯ ಗಂಡ ಓಡಿಹೋದವನು. “ಇಬ್ಬರಲ್ಲಿ ಅದೃಷ್ಟ ಯಾರ್ದು ಅಂತ... ಇನ್ನೂ ತೀರ್ಮಾನ ಆಗಿಲ್ಲ,” ಎಂದು ತಂಗಿ ನಡುವೆ ಒಮ್ಮೆ ಉಸಿರು ತೆಗೆದುಕೊಂಡು ಹೇಳುತ್ತಾರೆ. ನಗಲು ಹೋಗಿ ಕೆಮ್ಮು ಹತ್ತುತ್ತದೆ. ಅಕ್ಕ ಓಡಿಬಂದು ಬೆನ್ನು ನೀವುತ್ತಾರೆ. ಕೆಮ್ಮು ನಿಲ್ಲುವವರೆಗೂ ಆ ಕೈ ಬೆನ್ನಿನಿಂದ ಏಳುವುದಿಲ್ಲ.

ಅವತ್ತು ಏನಾಯಿತು ಎಂದು ಕೇಳಿದಾಗ ತಂಗಿ ಬಾಯಿಪಾಠ ಒಪ್ಪಿಸುವವರಂತೆ ಶುರು ಮಾಡುತ್ತಾರೆ. “ನಂದೇ ತಪ್ಪು. ಗಡಿಬಿಡೀಲಿ ನೋಡ್ಲಿಲ್ಲ. ಬ್ಲೀಚ್ ಸುರಿದೆ...”

“ಸುಳ್ಳು,” ಎನ್ನುತ್ತಾರೆ ಬೀಗದಕ್ಕ.

“ಅಕ್ಕಾ, ಸುಮ್ನಿರೇ.”

“ಎಷ್ಟು ದಿನ ಸುಮ್ನಿರ್ಲಿ?” ಅವರು ಕೂತಲ್ಲಿಂದ ಎದ್ದುಬಿಡುತ್ತಾರೆ. “ಸುರಿದಿದ್ದು ನಾನು ಕಣ್ರೀ. ಮೊದ್ಲೆಲ್ಲ ನಮ್ದೊಂದು ನೇಮ ಇತ್ತು. ಒಳಗೆ ಹೋದ ತಕ್ಷಣ ಫ್ಲಶ್ ಮಾಡ್ಬೇಕು, ತೊಟ್ಟಿ ತುಂಬೋವರೆಗೂ ಕಾದು ಆಮೇಲೆ ಬ್ಲೀಚ್. ಟೈಮು ಅರ್ಧ ಮಾಡಿದ್ಮೇಲೆ ಆ ಮೂರು ನಿಮಿಷ ಉಳಿಸೋಣ ಅಂತ ನಾನೇ ಹೇಳಿದ್ದು. ಬಾಗ್ಲು ತೆಗೆದವ್ರು ಮೊದ್ಲು ಬ್ಲೀಚ್ ಸುರಿದು ಮುಚ್ಬಿಡೋದು, ಹಾಸಿಗೆ ಮಾಡೋಷ್ಟ್ರಲ್ಲಿ ಅದು ನೆನೆಯುತ್ತೆ ಅಂತ. ಅವತ್ತು ಬಾಗ್ಲು ತೆಗೆದಿದ್ದು ನಾನು. ಮುಖ ಆ ಕಡೆ ತಿರುಗಿಸ್ಕೊಂಡು ಸುರಿದೆ, ಮುಚ್ಚಿದೆ, ಬಾಗ್ಲು ಎಳ್ಕೊಂಡು ಬಂದೆ. ಸ್ವಲ್ಪ ಹೊತ್ತಾದ್ಮೇಲೆ ‘ಹೋಗೇ, ಬೇಗ ಉಜ್ಜು’ ಅಂತ ಇವಳನ್ನ ಕಳಿಸ್ದೋಳೂ ನಾನೇ.”

ಆಸ್ಪತ್ರೆಯಲ್ಲಿ ಮಾತಾಡುವಷ್ಟು ಉಸಿರು ಬಂದ ಮೊದಲ ದಿನವೇ ತಂಗಿ ಆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡರು. ಅವರ ಲೆಕ್ಕ ಸರಳವಾಗಿತ್ತು. ತನಗಂತೂ ಇನ್ನು ಈ ಕೆಲಸ ಆಗದು, ಅಕ್ಕನ ಕೆಲಸವೂ ಹೋದರೆ ಇಬ್ಬರ ಗತಿಯೇನು? ಆದರೆ ಅದರಿಂದ ಅಕ್ಕನ ಬಾಯಿ ಕಟ್ಟಿತು, ಪಟ್ಟಿ ಉಳಿಯಿತು. ಹದಿನಾಲ್ಕು ತಿಂಗಳಿಂದ ಹನ್ನೊಂದು ಫ್ರಿಜ್ಜುಗಳ ಮೇಲೆ ಆ ಸಾಲು ಹಾಗೆಯೇ ಕೂತಿದೆ, ಪಕ್ಕದ ಕಟ್ಟಡಗಳಲ್ಲೂ ಕೂತಿದೆ. ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ಹೊಸ್ತಿಲಲ್ಲಿ ನಿಂತು ಮೂಸುವ ಅಭ್ಯಾಸವಿಲ್ಲ.

“ಇದನ್ನ ಬರ್ಕೊಳ್ಳಿ,” ಎನ್ನುತ್ತಾರೆ ಬೀಗದಕ್ಕ. “ಭಾನುವಾರದ ಪೇಪರು ಮೇಡಂ ತಪ್ಪದೆ ಓದ್ತಾರೆ. ನನ್ನ ಬೈಯೋದಿದ್ರೆ ಬೈಲಿ, ತೆಗೆದುಹಾಕೋದಿದ್ರೆ ತೆಗೀಲಿ. ನಂಗೆ ಬೇಕಾಗಿರೋದು ಒಂದೇ. ಬಂದೋರು ತಿನ್ಲಿ, ಮಲಗ್ಲಿ, ಕೊಳಕು ಮಾಡ್ಲಿ, ಹೇಗಿತ್ತೋ ಹಾಗೇ ಬಿಟ್ಟು ಹೋಗ್ಲಿ. ಕಣ್ಣಿಗೆ ಕಾಣೋ ಕೊಳೆ ನಮಗೇನೂ ಮಾಡಲ್ಲ. ಆ ಕಕ್ಕಸಿನ ಸಾಲು ಹೋಗ್ಬೇಕು.”

ತಂಗಿ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಾರೆ. ಸಿಟ್ಟು ಬಂದಿದೆ, ಕಣ್ಣಲ್ಲಿ ನೀರೂ ಬಂದಿದೆ. ಅಕ್ಕ ಎಷ್ಟು ಕರೆದರೂ ತಿರುಗುವುದಿಲ್ಲ. ಕಡೆಗೆ ಒಂದು ಉಸಿರು ಎಳೆದುಕೊಂಡು, ಸಾಲದೆ ಇನ್ನೊಂದು ಎಳೆದುಕೊಂಡು, ಮುಖ ಈ ಕಡೆ ಮಾಡುತ್ತಾರೆ.

“ಬರ್ಸೋದಾದ್ರೆ... ಪೂರ್ತಿ ಬರ್ಸೇ ಅಕ್ಕಾ. ನೀನು ಸುರಿದೆ ಅಂತಷ್ಟೇ ಬರ್ಸಬೇಡ. ಮೂರು ನಿಮಿಷ ಕಾಯೋಕೆ... ನಮಗೆ ಯಾರೂ ಬಿಡಲಿಲ್ಲ ಅಂತಾನೂ ಬರ್ಸು.”