ಎರಡೇ ಅಕ್ಕ

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು 'ಎರಡೇ ಅಕ್ಕ'. ಮರದ ಹೊಟ್ಟನ್ನು ಯಂತ್ರದಲ್ಲಿ ಒತ್ತಿ, ಮನೆ ಬೆಚ್ಚಗಿಡುವ ಒಲೆಗೆ ಕೊರಡು ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಕೊಳ್ಳಲು ಬಂದವರಿಗೆಲ್ಲ ಎರಡು ಬೆರಳೆತ್ತಿ ಹೇಳುತ್ತಾಳೆ: "ಒಂದು ಸಲಕ್ಕೆ ಎರಡೇ. ಸೌದೆ ತುಂಬಿದ ಹಾಗೆ ತುಂಬಬೇಡಿ, ಇದು ಉರಿಯುವಾಗ ಉಬ್ಬುತ್ತೆ." ಕೇಳಿ ಕೇಳಿ ಜನ ನಕ್ಕರು, ಹೆಸರು ಖಾಯಂ ಆಯಿತು.

ಅವಳು ಹೇಳದೆ ಬಿಟ್ಟಿದ್ದು ಒಬ್ಬರಿಗೆ ಮಾತ್ರ, ನಮ್ಮಪ್ಪನಿಗೆ. ಅಪ್ಪ ಬಡಗಿ. ನಲವತ್ತು ವರ್ಷ ದಿನಾ ಸಂಜೆ ಹೊಟ್ಟು ಗುಡಿಸಿ ಹೊರಗೆ ಚೆಲ್ಲಿದವರು. "ನಾನು ಗುಡಿಸಿ ಬಿಸಾಡಿದ್ದನ್ನ ಮಾರೋ ಕೆಲಸ" ಅಂದಿದ್ದರು ಒಮ್ಮೆ. ಆಮೇಲೆ ನಾಲ್ಕು ವರ್ಷ ಅಕ್ಕ ಮನೆಯಲ್ಲಿ ಕೆಲಸದ ಮಾತೆತ್ತಲಿಲ್ಲ, ಅವರೂ ಕೇಳಲಿಲ್ಲ. ಹಠದಲ್ಲಿ ಇಬ್ಬರೂ ಒಂದೇ ಮರದ ಹಲಗೆಗಳು. ಬೆಳಿಗ್ಗೆ ಅಕ್ಕ ಒಲೆಗೆ ಎರಡು ಕೊರಡಿಟ್ಟು ಹೋಗುತ್ತಿದ್ದಳು, ಮಧ್ಯಾಹ್ನ ಮನೆಯಲ್ಲಿದ್ದ ನಾನು ಇನ್ನೆರಡು ಇಡುತ್ತಿದ್ದೆ.

ಆ ದಿನ ಕೊರೆಯುವ ಚಳಿ. ಅಪ್ಪನ ಎದೆ ಮೊದಲೇ ಸರಿಯಿಲ್ಲ, ಉಸಿರೆಳೆದರೆ ಹಳೇ ಗರಗಸದ ಸದ್ದು. ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಅವರು ಆರು ಕೊರಡು ತುರುಕಿ ಒಲೆಯ ಬಾಗಿಲು ಜಡಿದಿದ್ದರು.

"ಹೊಟ್ಟು ತಾನೇ? ಎರಡು ಹಾಕಿದ್ರೆ ಬೆರಳೂ ಬೆಚ್ಚಗಾಗಲ್ಲ," ಅಂದರು. ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಒಲೆಬಾಗಿಲಿನ ಗಾಜಿನಾಚೆ ಕೊರಡುಗಳು ಉಬ್ಬಿ, ಬಿರಿದು, ಒಂದನ್ನೊಂದು ನೂಕುತ್ತ ಗಾಜಿಗೆ ಒತ್ತಿಕೊಂಡಿದ್ದವು. ಚಿಮಣಿ ಕೊಳವೆಯ ಬುಡ ಕೆಂಪಗಾಗಿತ್ತು. ಟಿಕ್ ಎಂದು ಸದ್ದಾಯಿತು. ಗಾಜಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಗಾಜು ಒಡೆದರೆ ಕೆಂಡವೆಲ್ಲ ಮರದ ನೆಲದ ಮೇಲೆ, ಆ ನೆಲವನ್ನು ಹಾಸಿದವರು ಅಪ್ಪನೇ. ಒಂದು ಕೈಯಲ್ಲಿ ನೀರಿನ ಬಕೆಟ್ ಹಿಡಿದುಕೊಂಡೇ ಅಕ್ಕನಿಗೆ ಫೋನ್ ಮಾಡಿದೆ.

"ನೀರು ಹಾಕ್ಬೇಡ! ಗಾಜು ಸಿಡಿದುಹೋಗುತ್ತೆ. ಒಲೆ ಬಾಗಿಲೂ ತೆಗೀಬೇಡ. ಕೆಳಗಿನ ಗಾಳಿಕಿಂಡಿ ಮುಚ್ಚು, ಕಿಟಕಿ ಎಲ್ಲಾ ತೆಗಿ, ಅಪ್ಪನ್ನ ಹೊರಗೆ ಕೂರಿಸು. ಬಂದೆ."

ಕಿಂಡಿ ಮುಚ್ಚಿದೆ. ಉಸಿರು ಕಟ್ಟಿದ ಒಲೆಯ ಸಂದುಗಳಿಂದ ಹೊಗೆ ಇಣುಕಿತು. ಅಪ್ಪ ಕುರ್ಚಿ ಬಿಟ್ಟೇಳಲಿಲ್ಲ. "ನನ್ನ ಮನೆ ಇದು, ನಾನೆಲ್ಲಿಗೆ ಹೋಗ್ಲಿ?" ಎಂದು ಕೆಮ್ಮಿದರು. ನನಗೆ ಕೋಪ ನೆತ್ತಿಗೇರಿತು. ಎತ್ತಿಕೊಂಡೇ ಹೋಗಲು ನೋಡಿದೆ. ಬಡಗಿಯ ಕೈ ಕುರ್ಚಿಯನ್ನು ಬಿಡಲಿಲ್ಲ. ಮತ್ತೆ ಟಿಕ್ ಎಂದಿತು, ಬಿರುಕು ಬೆರಳುದ್ದ ಬೆಳೆಯಿತು.

ಎರಡು ಬೀದಿ ಆಚೆಯ ಕಾರ್ಖಾನೆಯಿಂದ ಅಕ್ಕ ಓಡಿ ಬಂದಳು, ತಲೆ ಮೈಯೆಲ್ಲ ಹೊಟ್ಟು. ಒಲೆಯ ಕಡೆ ನೋಡಲೂ ಇಲ್ಲ, ನೇರ ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಪ್ಪಾ, ತಪ್ಪು ನಂದು. ಊರಿಗೆಲ್ಲ ಹೇಳ್ದೆ, ನಿಮಗೊಬ್ಬರಿಗೆ ಹೇಳ್ಲಿಲ್ಲ. ಏಳಿ."

ಅಪ್ಪ ಅವಳ ಮುಖ ನೋಡಿದರು. ಕೈ ಸಡಿಲವಾಯಿತು. ಕಂಬಳಿ ಹೊದಿಸಿ ಅವರನ್ನು ಬಾಗಿಲಾಚೆ ಕೂರಿಸಿದೆ. ಅಕ್ಕ ಒಂದು ಕಬ್ಬಿಣದ ತಗಡನ್ನು ಗಾಜಿಗೆ ಅಡ್ಡ ನಿಲ್ಲಿಸಿ, ಎರಡು ಕೈಯಲ್ಲೂ ದಪ್ಪ ಕೈಗವಸು ತೊಟ್ಟು ಒಲೆಯ ಮುಂದೆ ಕೂತಳು. ಮುಕ್ಕಾಲು ಗಂಟೆ. ನಾನು ಎಷ್ಟು ದೇವರಿಗೆ ಕೈ ಮುಗಿದೆನೋ ಲೆಕ್ಕವಿಲ್ಲ. ಕೊನೆಗೆ ಕೊಳವೆಯ ಕೆಂಪು ಇಳಿಯಿತು, ಗಾಜು ನಿಂತಿತು.

ಹೊಗೆ ಹೋದಮೇಲೆ ಅಪ್ಪ ಒಳಗೆ ಬಂದರು. ಬೈಗುಳಕ್ಕೆ ಇಬ್ಬರೂ ಸಿದ್ಧರಾದೆವು. ಅವರು ಗೋಡೆಪಕ್ಕದ ರಾಶಿಯಿಂದ ಒಂದು ಕೊರಡೆತ್ತಿ ತಿರುವಿದರು, ಉಗುರಿನಿಂದ ಕೆರೆದರು, ಮೂಸಿದರು.

"ಅಂಟು ಯಾವುದು ಹಾಕ್ತೀರಿ?"

ಅಕ್ಕ ಕೈಗವಸು ಕಳಚಿದಳು. "ಅಂಟಿಲ್ಲಪ್ಪ. ಜೋರಾಗಿ ಒತ್ತೋದು ಅಷ್ಟೇ, ಆ ಬಿಸಿಗೆ ತಾನೇ ಹಿಡ್ಕೊಳ್ಳುತ್ತೆ."

"ಅಂಟೇ ಇಲ್ದೆ?"

ಕಿಟಕಿಗಳೆಲ್ಲ ಇನ್ನೂ ತೆರೆದೇ ಇದ್ದವು, ಮೂವರ ಹಲ್ಲೂ ಕಟಕಟ ಎನ್ನುತ್ತಿತ್ತು. ಅಪ್ಪ ಕಾಲಿನಿಂದ ಇನ್ನೊಂದು ಕುರ್ಚಿ ಎಳೆದರು.

"ಕೂತ್ಕೊ, ಮೊದಲಿಂದ ಹೇಳು."